ಹಗೇವಿನ ಗೆರೆ ಮತ್ತು ನನ್ನ ತಪ್ಪು ನಕ್ಷೆ

ನಕ್ಷೆ ಬರೆಯುವವರು ನೆಲ ನೋಡಿ ಬರೆಯುತ್ತಾರೆ ಎಂದು ಊರ ಜನ ನಂಬಿದ್ದಾರೆ. ಪಾಪ, ನಂಬಲಿ. ಯೋಜನಾ ಕಚೇರಿಯಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಕೂತು ಎದ್ದು ಬಂದ ನಾನು ಹೇಳುತ್ತೇನೆ: ನಮ್ಮಲ್ಲಿ ಬಹಳ ಮಂದಿ ಹಳೆಯ ನಕ್ಷೆ ನೋಡಿ ಹೊಸ ನಕ್ಷೆ ಬರೆದವರು. ಆ ಹಳೆಯ ನಕ್ಷೆಯನ್ನು ಬರೆದವನು ಅದಕ್ಕಿಂತ ಹಳೆಯದನ್ನು ನೋಡಿ ಬರೆದಿರುತ್ತಾನೆ. ಈಗ ಇದೇ ಕೆಲಸಕ್ಕೆ ಸೇರುತ್ತಿರುವ ನಿಮಗೆ ಯಾರೂ ಇದನ್ನು ತರಬೇತಿಯಲ್ಲಿ ಹೇಳಿಕೊಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಯಾರಿಗಾದರೂ ಬೇಸರವಾದರೆ ಆಗಲಿ, ನನ್ನ ಪಿಂಚಣಿ ಮಂಜೂರಾಗಿದೆ.

ನಾನು ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದವಳು. ಅಪ್ಪ ಕಂಡವರ ಹೊಲದಲ್ಲಿ ಬದು ಹಾಕುತ್ತಿದ್ದ. ಮಗಳು ಬದುಗಳನ್ನು ಕಾಗದದ ಮೇಲೆ ಎಳೆಯುವ ಕೆಲಸಕ್ಕೆ ಸೇರಿದಳು. ನೇಮಕಾತಿ ಪತ್ರವನ್ನು ಅವ್ವ ಬುದ್ಧನ ಪಟದ ಮುಂದೆ ಒಂದು ವಾರ ಇಟ್ಟಿದ್ದಳು. ಕಚೇರಿಗೆ ಹೋದ ಮೊದಲ ದಿನ ಒಬ್ಬ ಗುಮಾಸ್ತ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾವ ಕೋಟಾರೀ ನಿಮ್ದು?" ಎಂದ. "ಪಾಸಾದವರ ಕೋಟಾರಿ" ಎಂದೆ. ಅವನು ನಿವೃತ್ತನಾಗುವ ತನಕ ನನ್ನ ಕಡತಗಳನ್ನು ತಡಮಾಡಿಯೇ ಕಳಿಸಿದ. ನಾನು ಆ ಉತ್ತರಕ್ಕಾಗಿ ಒಂದು ದಿನವೂ ಪಶ್ಚಾತ್ತಾಪಪಡಲಿಲ್ಲ.

ಕೆಲಸ ಕಲಿಸಿದವರು ಹಿರಿಯ ನಕ್ಷೆಗಾರ ಖಾಜಾ ಸಾಬರು. ಆಗ ಮೇಣದಂತಹ ಟ್ರೇಸಿಂಗ್ ಬಟ್ಟೆಯ ಮೇಲೆ ಶಾಯಿಯಿಂದ ಬರೆಯಬೇಕಿತ್ತು. ಗೆರೆ ತಪ್ಪಿದರೆ ಬ್ಲೇಡಿನಿಂದ ಕೆರೆಯಬೇಕು, ಕೆರೆದ ಗುರುತು ಎಷ್ಟು ಉಜ್ಜಿದರೂ ಕಾಣುತ್ತಿತ್ತು. ಖಾಜಾ ಸಾಬರು ಕೈಯಲ್ಲಿ ಸ್ಕೇಲು ಹಿಡಿಯುವ ಮೊದಲು ಜಾಗದ ಮೇಲೆ ಒಂದು ಸುತ್ತು ನಡೆದು ಬರಲೇಬೇಕು ಎನ್ನುತ್ತಿದ್ದರು. "ಬೇಟಿ, ಕಾಗದ ಝೂಟ್ ಹೇಳ್ತದ. ಕಾಲು ಹೇಳಂಗಿಲ್ಲ" ಎಂಬುದು ಅವರ ಮಾತು. ತಮ್ಮ ಚಪ್ಪಲಿಗೆ ವರ್ಷಕ್ಕೆ ಎರಡು ಸಲ ಅಟ್ಟೆ ಹಾಕಿಸುತ್ತಿದ್ದರು.

ನಡೆಯದೆ ಬರೆದರೆ ಏನಾಗುತ್ತದೆ ಎಂಬುದನ್ನು ನಾನು ಆಳಂದದಲ್ಲೇ ಕಲಿಯಬೇಕಿತ್ತು. ಒಂದು ಬಡಾವಣೆಯ ಮೂಲೆಯಲ್ಲಿ ಖಾಲಿ ಜಾಗ ಕಂಡಿತೆಂದು ಸಾರ್ವಜನಿಕ ಶೌಚಾಲಯ ಬರೆದೆ. ಅದು ಖಾಲಿ ಜಾಗವಲ್ಲ, ಊರ ಹಿರಿಯರು ದಿನಾ ಕೂಡುವ ಬೇವಿನ ಕಟ್ಟೆ. ಅವರು ಅರ್ಜಿ ಕೊಡಲಿಲ್ಲ, ಧರಣಿ ಮಾಡಲಿಲ್ಲ. ಗುತ್ತಿಗೆದಾರ ಗುದ್ದಲಿ ತಂದ ದಿನದಿಂದ ಬೆಳಗಿನಿಂದ ಸಂಜೆ ತನಕ ಅಲ್ಲೇ ಕೂತರು, ಬುತ್ತಿ ಅಲ್ಲಿಗೇ ತರಿಸಿಕೊಂಡರು. ಹನ್ನೊಂದನೇ ದಿನ ಗುತ್ತಿಗೆದಾರನೂ ಅವರ ಜೊತೆ ಎಲೆ ಅಡಿಕೆ ಹಾಕಿಕೊಂಡು ಕೂತ. ಶೌಚಾಲಯ ಇಂದಿಗೂ ಆಗಿಲ್ಲ. ನಾನು ನಕ್ಕು ಮರೆತೆ, ಅದೇ ತಪ್ಪಾಯಿತು.

ಬಟ್ಟೆ ಹೋಗಿ ಫಿಲ್ಮ್ ಬಂತು, ಫಿಲ್ಮ್ ಹೋಗಿ ಕಂಪ್ಯೂಟರ್ ಬಂತು. ಸರಪಳಿ ಎಳೆದು ಅಳೆಯುತ್ತಿದ್ದ ಕಡೆ ಮೂರು ಕಾಲಿನ ಯಂತ್ರ ಬಂತು, ಆಮೇಲೆ ಆಕಾಶದಿಂದ ತೆಗೆದ ಚಿತ್ರ ಬಂತು. ಹೊಸದನ್ನು ಬೈಯುವ ಮುದುಕಿ ನಾನಲ್ಲ. ಆ ಚಿತ್ರಗಳು ಬಂದಾಗ ನನಗೇ ಹಿಗ್ಗು. ಕೂತಲ್ಲೇ ಇಡೀ ಜೇವರ್ಗಿ ತಾಲ್ಲೂಕು ಕಾಣುತ್ತಿತ್ತು, ನಾನು ನಡೆಯುವುದನ್ನು ನಿಲ್ಲಿಸಿದೆ.

ಆ ಹೊತ್ತಿಗೇ ಭೀಮಾ ದಂಡೆಯ ಕಡತ ನನ್ನ ಮೇಜಿಗೆ ಬಂತು.

ಘತ್ತರಗಿಯಿಂದ ಕೆಳಗೆ, ಹೊಳೆ ಬಾಗಿ ತಿರುಗುವ ಒಂದು ಕಡೆ, ತಗ್ಗಿನ ಕೇರಿಯಲ್ಲಿದ್ದ ಮೂವತ್ತೆಂಟು ಮನೆಗಳಿಗೆ ಎರಡು ಸಲ ನೀರು ನುಗ್ಗಿತ್ತು. ಹಳ್ಳಿಯ ಹೆಸರು ಬೇಡ. ಅಂಬಿಗರು, ನಮ್ಮ ಬೌದ್ಧರು, ನಾಲ್ಕಾರು ಲಿಂಗಾಯತರು ಕೂಡಿ ಇದ್ದ ಕೇರಿ ಅದು. ಅವರು ಒಂದು ಸಂಘ ಕಟ್ಟಿಕೊಂಡು ಅದೇ ಕೇರಿಯ ಶಿವಶರಣಪ್ಪನವರ ಹದಿನೆಂಟು ಎಕರೆ ದಂಡೆಯ ಹೊಲವನ್ನು ಎಲ್ಲರ ಹೆಸರಿನಲ್ಲಿ ಕೊಂಡಿದ್ದರು. ಸೈಟು ಹಂಚಿಕೊಳ್ಳುವುದಿಲ್ಲ, ನೆಲವೆಲ್ಲ ಸಂಘದ್ದು, ಒಂದೊಂದು ಮನೆಗೆ ಒಂದೊಂದು ಪಾಲು. ಊರು ಬಿಡುವವರು ಪಾಲನ್ನು ಸಂಘಕ್ಕೇ ಮರಳಿಸಬೇಕು, ಹೊರಗಿನವರಿಗೆ ಮಾರುವಂತಿಲ್ಲ. ಹೊಲ ಕೊಟ್ಟ ಶಿವಶರಣಪ್ಪನವರೂ ಒಂದೇ ಪಾಲು ಇಟ್ಟುಕೊಂಡು ಸಂಘದ ಕಾರ್ಯದರ್ಶಿಯಾಗಿದ್ದರು.

ಕಚೇರಿಗೆ ಬಂದಾಗ ನಾನು ಅವರನ್ನು ಕೇಳಿದೆ, "ಗೌಡ್ರ, ನೀವ್ಯಾಕ ಒಂದೇ ಪಾಲು?"

"ಹೊಳಿ ಬಂದಾಗ ನನ್ನ ಮನಿಗಿ ಎರಡು ಸಲ ಬರ್ತದೇನ್ರಿ ಮೇಡಂ? ಎಲ್ಲಾರಿಗೂ ಒಂದೇ ಸಲ ಬರ್ತದ" ಎಂದರು.

ಅವರ ಬೇಡಿಕೆಗಳ ಪಟ್ಟಿ ಓದಿ ನನಗೆ ಖುಷಿಯಾಗಿತ್ತು. ಮನೆಗಳ ನಡುವೆ ಕಂಪೌಂಡ್ ಬೇಡ. ಗಾಡಿಗಳು ಮೇಲಿನ ರಸ್ತೆಯಲ್ಲೇ ನಿಲ್ಲಲಿ, ಒಳಗೆ ಕಾಲುದಾರಿ ಸಾಕು. ಬಚ್ಚಲ ನೀರು ಹೊಳೆಗೆ ಹೋಗಬಾರದು, ಬಾಳೆ ಮತ್ತು ಜೊಂಡಿನ ಮಡಿಗಳಲ್ಲಿ ಇಂಗಬೇಕು. ಬೇಸಿಗೆಯಲ್ಲಿ ಉಸುಕಿನ ಮೇಲೆ ಮೊಟ್ಟೆ ಇಡುವ ಹಕ್ಕಿಗಳಿಗೆ ತೊಂದರೆಯಾಗಬಾರದು. ಇಷ್ಟು ತಿಳಿದ ಜನ ಪುಣ್ಯಕ್ಕೆ ಸಿಕ್ಕಿದ್ದಾರೆ, ಒಂದು ಒಳ್ಳೆಯ ನಕ್ಷೆ ಮಾಡಿ ಕೊಡೋಣ ಎಂದುಕೊಂಡೆ.

ಜಾಗದ ತುಂಬ ಬಳ್ಳಾರಿ ಜಾಲಿ ಬೆಳೆದಿತ್ತು. ಮುಳ್ಳಿನೊಳಗೆ ಯಾರು ಹೋಗಬೇಕು? ಚಿತ್ರವನ್ನು ಪರದೆಯ ಮೇಲೆ ಹರಡಿದೆ. ಹತ್ತಿರದ ಸೇತುವೆಯ ಕಂಬದ ಮೇಲಿನ ಪ್ರವಾಹದ ಗುರುತನ್ನು ತೆಗೆದುಕೊಂಡು ಅದೇ ಮಟ್ಟದಲ್ಲಿ ಗೆರೆ ಎಳೆದೆ. ಗೆರೆಯಿಂದ ಸ್ವಲ್ಪ ಮೇಲೆ, ಹೊಳೆಗೆ ಮುಖ ಮಾಡಿ, ಗಾಳಿ ಬೆಳಕು ಚೆನ್ನಾಗಿ ಬರುವಂತೆ ಮೂವತ್ತೆಂಟು ಮನೆ ಬರೆದೆ. ಹಿಂದಿನ ದಿಬ್ಬದ ಮೇಲೆ ದುಂಡನೆಯ ಕಲೆಗಳು ಕಂಡವು. "ಹಾಳು ಗುಂಡಿಗಳು, ಅಪಾಯಕಾರಿ, ಕಲ್ಲು ತುಂಬಿ ಮುಚ್ಚುವುದು" ಎಂದು ಟಿಪ್ಪಣಿ ಹಾಕಿ ಅಲ್ಲಿ ಉದ್ಯಾನ ತೋರಿಸಿದೆ. ಸಹಿ ಮಾಡಿದೆ. ಬಹಳ ಚಂದದ ನಕ್ಷೆಯದು, ಈಗಲೂ ಹೇಳುತ್ತೇನೆ.

ನಮ್ಮ ಸಾಹೇಬರಿಗೂ ಅದು ಬಹಳ ಹಿಡಿಸಿತು. ಯಾವ ಕಡತ ಹೋದರೂ ಅವರು ಅದರ ಮೇಲೆ "ಚರ್ಚಿಸಿ" ಎಂದು ಬರೆದು ವಾಪಸು ಕಳಿಸುತ್ತಿದ್ದರು, ಅದಕ್ಕೆ ನಾವು ಅವರನ್ನು ಚರ್ಚಿಸಿ ಸಾಹೇಬರು ಎನ್ನುತ್ತಿದ್ದೆವು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಮನುಷ್ಯ. ಅಂಥವರು ಈ ನಕ್ಷೆಯನ್ನು ಚರ್ಚಿಸದೇ ಒಪ್ಪಿದರು. ಕಾರಣ ಆಮೇಲೆ ತಿಳಿಯಿತು. ಹೊಳೆಯ ಕಡೆಗೆ ಸೈಟು ಒಮ್ಮೆ ಮಂಜೂರಾದರೆ ಅದರ ಪಕ್ಕದಲ್ಲೇ ಅವರಿಗೆ ಬೇಕಾದವರೊಬ್ಬರ ವಿಶ್ರಾಂತಿ ಗೃಹಕ್ಕೂ ದಾರಿಯಾಗುತ್ತಿತ್ತು.

ನಕ್ಷೆ ತೋರಿಸಲು ಊರಿಗೆ ಹೋದೆ. ಶಿವಶರಣಪ್ಪನವರ ಪಡಸಾಲೆಯಲ್ಲಿ ಹರಡಿ ಒಂದು ತಾಸು ವಿವರಿಸಿದೆ. ಎಲ್ಲರೂ ತಲೆ ಆಡಿಸಿದರು. ಅಂಬಿಗರ ಭಾಗಮ್ಮ ಎನ್ನುವ ಹಿರಿಯಳೊಬ್ಬಳು ಮಾತ್ರ ನಕ್ಷೆಯನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

"ಯವ್ವಾ, ನಮ್ಮನ್ನ ಹೊಳ್ಯಾಗ ಇಳಿಸಾಕತ್ತೀಯಲ್ಲ, ಹಗೇವು ಇದ್ದ ದಿಬ್ಬ ಯಾರಿಗಿಟ್ಟೀದಿ?"

"ಅಲ್ಲಿ ಉದ್ಯಾನ ಐತಿ ಆಯಿ. ಆ ಗುಂಡಿ ಮುಚ್ಚಬೇಕು, ಮಕ್ಕಳು ಬೀಳ್ತಾವ."

ಭಾಗಮ್ಮ ಎದ್ದು ಸೆರಗು ಬಿಗಿದಳು. "ನಡಿ, ತೋರಸ್ತೇನಿ. ಕಾಲಾಗ ಚಪ್ಪಲಿ ಗಟ್ಟಿ ಅದಾವಿಲ್ಲೋ?"

ಹಗೇವು ಎಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಗುಂಡಿ. ಬಾಯಿ ಕಿರಿದು, ಒಳಗೆ ಹೊಟ್ಟೆ ದೊಡ್ಡದು. ನಾನು ಹುಡುಗಿಯಾಗಿದ್ದಾಗ ನಮ್ಮೂರಲ್ಲೂ ಇದ್ದವು. ಆದರೆ ಅವು ಗೌಡರ ಅಂಗಳದಲ್ಲಿದ್ದವು, ನಮಗೆ ಅವುಗಳ ಬಾಯಿ ಕೂಡ ನೋಡಲು ಬಿಡುತ್ತಿರಲಿಲ್ಲ. ಪರದೆಯ ಮೇಲೆ ದುಂಡಗೆ ಕಂಡದ್ದು ಹಗೇವು ಎಂದು ನನಗೆ ಹೊಳೆಯದೇ ಹೋದದ್ದು ಹಾಗೆ. ಇದು ನೆಪವಲ್ಲ. ನಡೆದಿದ್ದರೆ ಹೊಳೆಯುತ್ತಿತ್ತು.

ಜಾಲಿ ಮುಳ್ಳು ಸೀರೆ ಹರಿಯಿತು, ಕೈ ಗೀರಿತು. ದಿಬ್ಬದ ಮೇಲೆ ಶಿವಶರಣಪ್ಪನವರು ಒಂದು ಹಗೇವಿನ ಬಾಯಿ ಮುಚ್ಚಿದ್ದ ಚಪ್ಪಡಿ ಸರಿಸಿದರು. ನಾನು ಬಗ್ಗಲು ಹೋದರೆ ಭಾಗಮ್ಮ ರಟ್ಟೆ ಹಿಡಿದು ಹಿಂದಕ್ಕೆಳೆದಳು.

"ನಿಂದ್ರು ಬೇ! ಹಗೇವಿನ ಗಾಳಿ ಕೆಟ್ಟದು, ಜೀವಾ ತಗೋತದ. ಮೊದಲು ಕಂದೀಲು."

ಸ್ವಲ್ಪ ಹೊತ್ತು ಬಾಯಿ ತೆರೆದಿಟ್ಟು, ಹಗ್ಗಕ್ಕೆ ಹೊತ್ತಿಸಿದ ಕಂದೀಲು ಕಟ್ಟಿ ಇಳಿಬಿಟ್ಟರು. ಒಂದು ಸಲ ಆರಿತು. ಮತ್ತೆ ಕಾದು ಇಳಿಬಿಟ್ಟರು, ಮತ್ತೂ ಆರಿತು. ಮೂರನೇ ಸಲ ಉರಿಯುತ್ತ ತಳ ಮುಟ್ಟಿತು. ಒಳಗಿನ ಗೋಡೆಗೆ ಹಚ್ಚಿದ್ದ ಹಳೆಯ ಹುಲ್ಲು ಕಂಡಿತು. ಶಿವಶರಣಪ್ಪನವರು ಏಣಿಯಲ್ಲಿ ಇಳಿದು ಒಂದು ಹಿಡಿ ಹುಲ್ಲು, ಒಂದು ಹಿಡಿ ತಳದ ಮಣ್ಣು ತಂದು ನನ್ನ ಅಂಗೈಗೆ ಹಾಕಿದರು. ಒಣಗಿದ ಪುಡಿ. ಮಳೆಗಾಲ ಮುಗಿದು ತಿಂಗಳಾಗಿರಲಿಲ್ಲ, ಕೇರಿಯ ಗೋಡೆಗಳ ಮೇಲೆ ನೀರು ನಿಂತ ಕಲೆ ಇನ್ನೂ ಇತ್ತು.

"ನೋಡು ತಂಗಿ" ಎಂದಳು ಭಾಗಮ್ಮ. "ಜೋಳಾ ಕೆಟ್ರ ಊರಾನ ಮಂದಿ ಉಪಾಸ. ಅದಕ್ಕ ಹಿರ್ಯಾರು ಹಸಿ ಏರಲಾರದ ಜಾಗಾ ನೋಡಿ ತೋಡ್ಯಾರ. ಹಗೇವು ಎಲ್ಲಿ ಮುಗೀತದ, ಅಲ್ಲಿಂದ ಕೆಳಗ ಎಲ್ಲಾ ಹೊಳೀದೇ. ನೀ ಬರದೀಯಲ್ಲ, ಅಲ್ಲಿ ನೀರು ಮುಂದಿಂದ ಬರಂಗಿಲ್ಲ. ಹೊಳಿ ತುಂಬಿದ ಮ್ಯಾಲ ಹೊಳಿಗಿ ಕೂಡೋ ಹಳ್ಳ ಹಿಂದಕ ಹರಿತದ, ಬೆನ್ನಿಂದ ಬರ್ತದ."

ಆ ದಿಬ್ಬದ ಮೇಲೆ ಹದಿನಾಲ್ಕು ಹಗೇವುಗಳಿದ್ದವು. ಕೊನೆಯ ಸಾಲಿನ ಬಾಯಿಂದ ಬಾಯಿಗೆ ನಡೆದೆ. ಹಳ್ಳದ ತಿರುವಿಗೆ ತಕ್ಕಂತೆ ಬಾಗಿ ಹೋಗುವ ಒಂದು ಗೆರೆ. ಸೇತುವೆಯ ಕಂಬ ನೋಡಿ ನಾನು ಎಳೆದ ನೇರ ಗೆರೆಗಿಂತ ಎರಡಾಳು ಎತ್ತರದಲ್ಲಿತ್ತು. ನನ್ನ ಮೂವತ್ತೆಂಟು ಮನೆಗಳಲ್ಲಿ ಒಂದೂ ಆ ಗೆರೆಗಿಂತ ಮೇಲಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಎರಡನೇ ನಕ್ಷೆಯನ್ನು ಆ ಜನರ ಜೊತೆ ನಡೆದೇ ಬರೆದೆ. ಮನೆಗಳೆಲ್ಲ ದಿಬ್ಬದ ಮೇಲೆ, ಗೋಡೆಗೆ ಗೋಡೆ ಹೊಂದಿಕೊಂಡು. ಎರಡು ಹಗೇವು ರಿಪೇರಿ ಮಾಡಿ ಸಂಘದ ಜೋಳಕ್ಕೆ, ಉಳಿದವಕ್ಕೆ ಕಟ್ಟೆ ಮತ್ತು ಮುಚ್ಚಳ. ಗೆರೆಯಿಂದ ಕೆಳಗಿನ ಆರು ಎಕರೆಯಲ್ಲಿ ಒಂದು ಇಟ್ಟಿಗೆಯೂ ಇಲ್ಲ.

ಚರ್ಚಿಸಿ ಸಾಹೇಬರು ಈ ಸಲ ನಿಜವಾಗಿಯೂ ಚರ್ಚಿಸಲು ಕರೆದರು.

"ಸುಜಾತಾ ಮೇಡಂ, ಹೊಳಿ ದಂಡಿ ಆರು ಎಕರೆ ಖಾಲಿ ಬಿಡ್ತೀರಿ? ಒಂದು ಮುದುಕಿ ಮಾತು ಕೇಳಿ?"

"ಹೌದ್ರಿ."

"ಹಗೇವು ಯಾವ ನಿಯಮದಾಗ ಅದ?"

"ಯಾವುದರಾಗೂ ಇಲ್ರಿ. ಅದಕ್ಕೇ ಇನ್ನೂ ಒಣಗಿದಾವ."

ಅವರು ಮೊದಲ ನಕ್ಷೆಯನ್ನು ತೆಗೆದು ನನ್ನ ಸಹಿಯ ಮೇಲೆ ಬೆರಳಿಟ್ಟರು. "ಇದು ಯಾರ ಸಹಿ? ಇದನ್ನೇ ಮೇಲೆ ಕಳಿಸ್ತೀನಿ. ಎರಡನೇದು ಬಂದೇ ಇಲ್ಲ ಅಂತ ತಿಳ್ಕೋರಿ."

ಒಂದು ದಾರಿ ಇತ್ತು. ಗೆಳೆಯರು ಅದನ್ನೇ ಹೇಳಿದರು: ಸುಮ್ಮನಿರು, ನಿವೃತ್ತಿಗೆ ಎಷ್ಟು ವರ್ಷ ಉಳಿದಿವೆ, ನೀರು ಬಂದರೆ ತಪ್ಪನ್ನು ಸೇತುವೆಯ ಗುರುತಿನ ಮೇಲೆ ಹಾಕಿದರಾಯಿತು. ನಿಜ, ಕಾಗದದ ಪ್ರಕಾರ ನನ್ನ ಮೊದಲ ನಕ್ಷೆಯಲ್ಲಿ ತಪ್ಪೇ ಇರಲಿಲ್ಲ. ಎಲ್ಲ ನಿಯಮ ಪಾಲಿಸಿಯೇ ನಾನು ಮೂವತ್ತೆಂಟು ಮನೆಗಳನ್ನು ಮುಳುಗಿಸಲು ಹೊರಟಿದ್ದೆ.

ಎರಡು ದಿನ ರಜೆ ಹಾಕಿದೆ. ಮನೆಯಲ್ಲಿ ಕೂತು ಸಿಟ್ಟಿನಲ್ಲಿ ಕುದಿದೆ. ಮೂರನೇ ದಿನ ಕಚೇರಿಗೆ ಹೋಗಿ ಕಡತಕ್ಕೆ ಒಂದು ಪುಟ ಸೇರಿಸಿ, ಪುಟಸಂಖ್ಯೆ ಹಾಕಿ, ಕಾಗದ ಸ್ವೀಕರಿಸುವ ಆವಕ ಶಾಖೆಯಲ್ಲಿ ಮುದ್ರೆ ಒತ್ತಿಸಿದೆ. "ಮೊದಲ ನಕ್ಷೆಯನ್ನು ನಾನು ಸ್ಥಳದಲ್ಲಿ ನಡೆಯದೆ ತಯಾರಿಸಿದ್ದೇನೆ. ಅದು ತಪ್ಪು. ಅದರಂತೆ ಕಟ್ಟಿದರೆ ಮನೆಗಳು ಮುಳುಗುತ್ತವೆ. ಇದನ್ನು ತಿಳಿದೂ ಮಂಜೂರು ಮಾಡುವವರು ಅದರ ಹೊಣೆ ಹೊರಬೇಕು." ಇಷ್ಟೇ.

ಹೊಸಬರೇ, ಇದನ್ನು ಚೆನ್ನಾಗಿ ಕೇಳಿಸಿಕೊಳ್ಳಿ. ನಮ್ಮ ಕಚೇರಿಗಳಲ್ಲಿ ಬಾಯಿಮಾತಿನ ಎಚ್ಚರಿಕೆಗೆ ಬೆಲೆಯಿಲ್ಲ. ಆದರೆ ಮಾಡಿದವಳೇ ತಪ್ಪೆಂದು ಬರೆದು ಮುದ್ರೆ ಒತ್ತಿಸಿದ ನಕ್ಷೆಗೆ ಸಹಿ ಹಾಕುವ ಗಂಡಸು ಇಡೀ ವಿಭಾಗದಲ್ಲಿ ಸಿಗಲಿಲ್ಲ. ಕಡತ ಮೇಲೆ ಹೋಯಿತು, ಕೆಳಗೆ ಬಂತು, ಒಬ್ಬರಿಂದ ಒಬ್ಬರಿಗೆ ಜಾರಿತು. ಕೊನೆಗೆ ಮಂಜೂರು ಮಾಡುವ ಸಮಿತಿಯವರು ಎರಡನೇ ನಕ್ಷೆಯನ್ನೇ ಒಪ್ಪಿದರು. ನನ್ನ ಮೇಲಿನ ಪ್ರೀತಿಯಿಂದಲ್ಲ, ತಮ್ಮ ಕುರ್ಚಿಯ ಮೇಲಿನ ಪ್ರೀತಿಯಿಂದ. ಅದೂ ನಡೆಯುತ್ತದೆ.

ಇನ್ನೊಂದು ತಮಾಷೆ ನಡೆಯಿತು. ಮಂಜೂರಾತಿಯ ನಮೂನೆಯಲ್ಲಿ ಪ್ರತಿ ತುಂಡು ನೆಲದ ಮುಂದೆ ಪಾಲುದಾರರ ಹೆಸರು ಬರೆಯಬೇಕಿತ್ತು. ಕೆಳಗಿನ ಆರು ಎಕರೆಯ ಮುಂದೆ ಸಂಘದವರು "ಹೊಳೆ" ಎಂದು ಬರೆದರು. ಗುಮಾಸ್ತ ತಿರುಗಿ ಕಳಿಸಿದ. ಮತ್ತೆ ಅದನ್ನೇ ಬರೆದರು. ಮೂರನೇ ಸಲ ಗುಮಾಸ್ತ ಫೋನ್ ಮಾಡಿ, "ಹೊಳಿ ತಂದಿ ಹೆಸರೇನ್ರಿ?" ಎಂದು ಕೇಳಿದನಂತೆ. ಶಿವಶರಣಪ್ಪನವರು, "ಬಂದಾಗ ಕೇಳಿ ಹೇಳ್ತೇನಿ, ಆವಾಗ ನೀವೂ ಬರ್ರಿ" ಎಂದರಂತೆ. ಕಾಗದದಲ್ಲಿ ಈಗ "ನಿವೇಶನರಹಿತ ಬಯಲು" ಎಂದಿದೆ. ಊರಲ್ಲಿ ಅದನ್ನು ಹೊಳಿ ಪಾಲು ಎಂದೇ ಕರೆಯುತ್ತಾರೆ.

ಮನೆಗಳೆದ್ದ ಮೇಲೆ ಎರಡನೇ ಮಳೆಗಾಲಕ್ಕೆ ಹೊಳೆ ಬಂತು. ಸುದ್ದಿ ಕೇಳಿ ಜೇವರ್ಗಿ ಕಡೆಯಿಂದ ಸುತ್ತಿ ಬಳಸಿ ಹೋದೆ. ಭಾಗಮ್ಮ ಹೇಳಿದ ಹಾಗೇ ನೀರು ಮುಂದಿನಿಂದ ಬಂದಿರಲಿಲ್ಲ, ಹಳ್ಳ ಹಿಡಿದು ಬೆನ್ನಿಂದ ಬಂದಿತ್ತು. ಆರೂ ಎಕರೆ ಕೆಂಪು ನೀರು. ಜಾಲಿಯ ತುದಿಗಳು ಮಾತ್ರ ಕಾಣುತ್ತಿದ್ದವು. ನಾನು ಮೊದಲು ಮನೆ ಬರೆದಿದ್ದ ಜಾಗದಲ್ಲಿ ಒಂದು ಎಮ್ಮೆಯ ಹೆಣ ಸುತ್ತುತ್ತಿತ್ತು. ಕೊನೆಯ ಹಗೇವಿನಿಂದ ನಾಲ್ಕು ಮಾರು ದೂರದಲ್ಲಿ ನೀರು ನಿಂತಿತ್ತು. ಮೇಲೆ ಒಲೆಗಳು ಉರಿಯುತ್ತಿದ್ದವು, ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ನಾನು ಭಾಗಮ್ಮನ ಹೊಸ್ತಿಲ ಮೇಲೆ ಕೂತು ಅತ್ತೆ. ನಾಚಿಕೆ ಪಡದೆ ಅತ್ತೆ.

ಇಷ್ಟೆಲ್ಲ ಆದ ಮೇಲೆ, ಸೇವೆಯ ಕೊನೆಯ ದಿನಗಳಲ್ಲಿ, ನನಗೆ ದೋಷಾರೋಪ ಪಟ್ಟಿ ಬಂತು. ಆರೋಪ ಒಂದೇ: ಸ್ಥಳ ಪರಿಶೀಲಿಸದೆ ತಪ್ಪು ನಕ್ಷೆ ಸಲ್ಲಿಸಿದ್ದು. ಸಾಕ್ಷಿ: ನಾನೇ ಬರೆದ ಪುಟ. ಚರ್ಚಿಸಿ ಸಾಹೇಬರು ಮರೆತಿರಲಿಲ್ಲ. ಎರಡನೇ ನಕ್ಷೆ ಆತುರದಲ್ಲಿ ಬರೆದದ್ದು, ನನ್ನ ಟಿಪ್ಪಣಿ ಉದ್ವೇಗದ್ದು ಎಂದು ಬರೆದುಕೊಟ್ಟರೆ ಎಲ್ಲ ಮುಗಿಸುತ್ತೇವೆ ಎಂದು ಹೇಳಿ ಕಳಿಸಿದರು. ಅದರ ಅರ್ಥ ನನಗೆ ಗೊತ್ತಿತ್ತು. ಟಿಪ್ಪಣಿ ಬಿದ್ದುಹೋದರೆ ದಂಡೆಯಲ್ಲಿ ಕಟ್ಟುವವರಿಗೆ ಮತ್ತೆ ಬಾಗಿಲು ತೆರೆಯುತ್ತದೆ, ಪಕ್ಕದಲ್ಲಿ ವಿಶ್ರಾಂತಿ ಗೃಹದ ಗೋಡೆ ಎದ್ದರೆ ಹಳ್ಳದ ನೀರು ದಿಬ್ಬಕ್ಕೇ ತಿರುಗುತ್ತದೆ. ಬರೆದುಕೊಡಲಿಲ್ಲ.

ವಿಚಾರಣೆಯ ದಿನ ಕಚೇರಿಯ ಅಂಗಳಕ್ಕೆ ಎರಡು ಟಂಟಂ ಆಟೋ, ಒಂದು ಟ್ರ್ಯಾಕ್ಟರ್ ಬಂದವು. ಮನೆಗೊಬ್ಬರಂತೆ ಮೂವತ್ತೆಂಟು ಜನ ಇಳಿದರು. ನಾನು ಕರೆದಿರಲಿಲ್ಲ. ವಿಚಾರಣಾಧಿಕಾರಿ ಕಿಟಕಿಯಿಂದ ನೋಡಿ, ಒಬ್ಬರು ಮಾತ್ರ ಒಳಗೆ ಬನ್ನಿ ಎಂದರು. ಭಾಗಮ್ಮ ಬಂದಳು, ಅವಳ ಹಿಂದೆ ಶಿವಶರಣಪ್ಪನವರೂ ಬಂದರು.

"ನೀವು ಸಾಕ್ಷಿದಾರರಾ?" ಎಂದು ಅಧಿಕಾರಿ ಕೇಳಿದರು.

"ಅಲ್ರಿ ಸಾಹೇಬ್ರ, ಆರೋಪಿಗಳು" ಎಂದರು ಶಿವಶರಣಪ್ಪನವರು. "ಮೊದಲನೇ ನಕ್ಷಿ ನಮ್ಮ ಪಡಸಾಲ್ಯಾಗ ಹಾಸಿ ತೋರ್ಸಿದ್ರು. ಒಂದು ತಾಸು ನೋಡಿ ನಾವೆಲ್ಲಾ ಹೂಂ ಅಂದೀವಿ. ಈ ಭಾಗಮ್ಮ ಒಬ್ಬಾಕಿ ಬಿಟ್ಟು."

ಭಾಗಮ್ಮ ಮೇಜಿಗೆ ಕೈ ಊರಿದಳು. "ಆ ನೆಲಾ ಎಲ್ಲಾರದು, ನಕ್ಷಿ ಎಲ್ಲಾರದು. ತಪ್ಪು ಮಾತ್ರ ಈಕಿದು ಒಬ್ಬಾಕೀದು ಹ್ಯಾಂಗಾಗ್ತದ? ನಮ್ಮ ಸಂಘದ ಕಾಯ್ದೆ ಪರಕಾರ ಅದನ್ನೂ ಪಾಲು ಮಾಡ್ರಿ. ಮೂವತ್ತೆಂಟು ಹೆಸರು ಹೇಳ್ತೇನಿ, ಬರ್ಕೋರಿ."

ಅಧಿಕಾರಿ ಪೆನ್ನು ಕೆಳಗಿಟ್ಟರು. ಅಂಥ ಹೆಸರುಗಳನ್ನು ಬರೆಯುವ ಕಾಲಂ ಅವರ ನಮೂನೆಯಲ್ಲಿ ಇರಲಿಲ್ಲ. "ಇದಕ್ಕೆ ಅವಕಾಶವಿಲ್ಲ" ಎಂದರು, ದನಿ ಮಾತ್ರ ಸಣ್ಣದಾಗಿತ್ತು. ಆಮೇಲೆ ನನ್ನತ್ತ ತಿರುಗಿ, "ಮೇಡಂ, ತಪ್ಪು ಒಪ್ಪುತ್ತೀರಾ?" ಎಂದು ಕೇಳಿದರು.

"ಮೊದಲನೇ ನಕ್ಷೆಯ ತಪ್ಪು ಒಪ್ಪುತ್ತೇನೆ. ಅದನ್ನು ತಪ್ಪೆಂದು ಬರೆದದ್ದನ್ನು ಮಾತ್ರ ಸತ್ತರೂ ವಾಪಸು ತೆಗೆದುಕೊಳ್ಳುವುದಿಲ್ಲ" ಎಂದೆ.

ಶಿಕ್ಷೆಯಾಯಿತು. ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯ ಒಂದು ಸಾಲು ಬಂತು, ಅದರಲ್ಲಿ ನನ್ನ ಹೆಸರು ಒಂದೇ ಇದೆ. ಆದರೆ ಶಿಕ್ಷೆ ಕೊಡಲು ಅವರು ನನ್ನ ಟಿಪ್ಪಣಿಯನ್ನು ನಿಜವೆಂದು ಒಪ್ಪಿ ಆದೇಶದಲ್ಲಿ ಬರೆಯಬೇಕಾಯಿತು: ದಂಡೆಯಲ್ಲಿ ಕಟ್ಟಿದರೆ ಮುಳುಗುತ್ತದೆ ಎಂಬುದು "ಸಾಬೀತಾಗಿದೆ". ಆ ಆದೇಶದ ನಕಲನ್ನು ಸಂಘದವರು ಆ ದಿನವೇ ದೃಢೀಕರಣ ಮಾಡಿಸಿಕೊಂಡು ಒಯ್ದರು. ಈಗ ದಂಡೆಯ ಮೇಲೆ ಕಣ್ಣಿಟ್ಟು ಯಾರೇ ಬಂದರೂ ಭಾಗಮ್ಮ ಪೆಟ್ಟಿಗೆಯಿಂದ ಅದನ್ನು ತೆಗೆದು, ಓದ್ರಿ, ಎಂದು ಅವರ ಕೈಗೆ ಕೊಡುತ್ತಾಳೆ.